ನನ್ನ ರಕ್ತ ಬೇಡ, ಅಕ್ಕನದು ಬೇಕು

೧೯೬೪ನೆಯ ಇಸವಿ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕೆಲಸಗಾರರ ಲೈನುಮನೆಯಲ್ಲಿ ನನಗೆ ಎರಡನೆಯ ಹೆರಿಗೆಯಾಯಿತು. ಗಂಡುಮಗು. ಖುಷಿಪಡುವ ಮೊದಲೇ ಅದರ ಮೈಮೇಲೆ ಕೆಂಪು ಚುಕ್ಕೆಗಳೆದ್ದವು. ಮೊದಲ ಹೆಣ್ಣುಮಗುವಿಗೂ ಹೀಗೇ ಆಗಿತ್ತು. ಆಗ ಮಾರಮ್ಮ ದೇವಿ ಮಗುವಿನ ಮೈಮೇಲೆ ಬಂದಿದ್ದಾಳೆಂದು ನನ್ನ ಅತ್ತೆ ಬೇವಿನ ಸೊಪ್ಪು ಕಟ್ಟಿ, ಔಷಧ ಮುಟ್ಟಿಸಲು ಬಿಡಲಿಲ್ಲ. ವಾರ ತುಂಬುವ ಮೊದಲೇ ಮಗು ಕಣ್ಮುಚ್ಚಿತ್ತು.

ಈ ಸಲವೂ ಅತ್ತೆ ಬೇವಿನ ಸೊಪ್ಪು ತಂದರು. "ಮಾರಮ್ಮ ತಿರುಗಾ ಬಂದವ್ಳೆ. ಆಸ್ಪತ್ರೆಗೆ ಓದ್ರೆ ಮುನಿಸ್ಕೊಂತಾಳೆ" ಎಂದರು.

ಅಷ್ಟರಲ್ಲಿ ಮಗು ನೋಡಲು ಅಕ್ಕ ಬಂದಳು. ಅವಳ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ರೂಢಿ. ನಮಗಿದ್ದದ್ದು ಒಬ್ಬನೇ ಸೋದರಮಾವ. ದೊಡ್ಡವಳೆಂದು ಅವನು ಅಕ್ಕನ ಪಾಲಾದ. ಕ್ಯಾಸಂಬಳ್ಳಿಯಲ್ಲಿ ಅವಳಿಗೆ ಸ್ವಂತ ಅಜ್ಜಿಯೇ ಅತ್ತೆ. ಮನೆ ತುಂಬ ಹಾಲು, ಗುಂಡುಕಲ್ಲಿನಂಥ ಮೂರು ಮಕ್ಕಳು. ನನಗೋ ಕಂಡರಿಯದವರ ಮನೆ. ಅವಳ ಮಕ್ಕಳನ್ನು ನೋಡಿದರೆ ಅಸೂಯೆಯಲ್ಲಿ ನನಗೆ ತುತ್ತು ಇಳಿಯುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ?

ಅಕ್ಕ ಬೇವಿನ ಸೊಪ್ಪನ್ನು ಪಕ್ಕಕ್ಕಿಟ್ಟಳು. "ಮುನಿಸ್ಕೊಂಡ್ರೆ ನನ್ ಮೇಲೆ ಮುನಿಸ್ಕೊಳ್ಲಿ. ಏಳೇ, ಓಗಾಣ" ಎಂದು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು. ಹಸಿ ಬಾಣಂತಿಯಾದ ನಾನು ಕಾಲೆಳೆದುಕೊಂಡು ಹಿಂದೆ ಹೋದೆ. ನನ್ನ ಮಗುವನ್ನೂ ಇವಳೇ ಎತ್ತಿಕೊಳ್ಳಬೇಕೇ ಎಂದು ಆ ಹೊತ್ತಿನಲ್ಲೂ ನನಗೆ ಯೋಚನೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ರಕ್ತ ಪರೀಕ್ಷೆ ಮಾಡಿಸಿದರು. ಮೊದಲ ಮಗುವಿನ ವಿಷಯ, ಅಕ್ಕನ ಮಕ್ಕಳ ವಿಷಯ ಎಲ್ಲ ಕೇಳಿದರು. "ರಕ್ತ ಹೆಪ್ಪುಗಟ್ಟಿಸೋ ಕಣಗಳು ತೀರಾ ಕಡಿಮೆ ಇವೆ. ಆ ಕಣಗಳಿಗೆ ತಂದೆಯಿಂದ ಒಂದು ಗುಣ ಬಂದಿರಬೇಕು. ನಿನ್ನಲ್ಲಿ ಅದಿಲ್ಲ. ಅದಕ್ಕೇ ಹೊಟ್ಟೆಯಲ್ಲಿದ್ದಾಗ ನಿನ್ನ ರಕ್ತದಿಂದ ಮಗುವಿಗೆ ಸೇರಿದ ಅಂಶ ಅವನ್ನ ಹೊರಗಿನವು ಅಂತ ಹೊಡೆದುಹಾಕ್ತಿದೆ. ತಲೆಯೊಳಗೆ ರಕ್ತ ಸುರಿದರೆ ಮಗು ಉಳಿಯೋದು ಕಷ್ಟ. ಹೊಂದುವಂಥ ರಕ್ತ ಕೊಡಬೇಕು" ಎಂದರು.

ನಾನು ತೋಳು ಚಾಚಿದೆ.

"ನಿನ್ನದು ಬೇಡಮ್ಮ, ಹೊಡೀತಿರೋದೇ ಅದು. ಅಕ್ಕನದು ನೋಡೋಣ. ಒಡಹುಟ್ಟಿದವಳು, ನಿನ್ನ ಹಾಗೆ ಅವಳಲ್ಲೂ ಆ ಗುಣ ಇಲ್ಲದಿರಬಹುದು, ಆಗ ಅವಳ ಕಣಗಳು ಮಗುವಿನಲ್ಲಿ ಉಳೀತವೆ. ಗಂಡ ಸೋದರಮಾವ, ಅವನಲ್ಲೂ ಇಲ್ಲವೇನೋ. ಅವಳ ಮಕ್ಕಳಿಗೆ ಏನೂ ಆಗದೆ ಇದ್ದದ್ದು, ಅವಳ ರಕ್ತ ನಿನ್ನದರ ಹಾಗೆ ಹೊಡೆಯೋದು ಕಲಿಯದೆ ಇದ್ದದ್ದು ಅದಕ್ಕೇ ಇರಬೇಕು. ಹಾಗಂತ ಎಲ್ಲರೂ ಮಾವಂದಿರನ್ನೇ ಕಟ್ಕೋಬೇಡಿ, ಅದರಲ್ಲಿ ಬೇರೆ ತೊಂದರೆಗಳಿವೆ."

ಹೆತ್ತವಳದು ಬೇಡ, ಅಕ್ಕನದು ಬೇಕು! ಮಾವ, ಅಜ್ಜಿ, ಮಕ್ಕಳು, ಈಗ ಇದೂ ಅವಳಿಗೇ. ಮಂಚದ ಮೇಲೆ ಮಲಗಿ "ಎಷ್ಟ್ ಬೇಕೋ ತಕ್ಕಳಿ ಅಮ್ಮಾವ್ರೇ" ಎನ್ನುತ್ತಿದ್ದಳು ಅಕ್ಕ. ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ.

ರಕ್ತ ಹೊಂದಿತು. ಮಗುವಿಗೆ ಕೊಟ್ಟರು. ಮರುದಿನ ಹೊಸ ಚುಕ್ಕೆ ಏಳಲಿಲ್ಲ, ಕ್ರಮೇಣ ಹಳೆಯವೂ ಮಾಸಿದವು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಏನಾದರೂ ಕೇಳುವುದಿದೆಯಾ ಎಂದರು. ಪಥ್ಯ, ಔಷಧ ಬಿಟ್ಟು ನಾನು ಕೇಳಿದ್ದು ಇದು: "ಅಕ್ಕನ ರಕ್ತ ಇವನ ಮೈಯಾಗೆ ಎಷ್ಟ್ ದಿನ ಇರ್ತದೆ?"

ಅವರು ನಕ್ಕರು. "ಕೆಲವು ತಿಂಗಳು ಕಳೆದರೆ ಒಂದು ಹನಿಯೂ ಉಳಿಯೋಲ್ಲ. ಆಮೇಲೆಲ್ಲ ಅವನದೇ."

ಅಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. "ಸಮಾಧಾನ ಆಯ್ತೇನೇ? ತಗೋ ನಿನ್ ಮಗನ್ನ" ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು.

ಆ ಮಗನಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ. ದೂರದಲ್ಲಿ ಕೆಲಸ. ರಜಕ್ಕೆ ಬಂದರೆ ಮೊದಲು ಇಳಿಯುವುದು ಕ್ಯಾಸಂಬಳ್ಳಿಯ ದೊಡ್ಡಮ್ಮನ ಮನೆಯಲ್ಲಿ, ಊಟ ಮುಗಿಸಿ ಆಮೇಲೆ ನನ್ನ ಹತ್ತಿರ. ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡಿ, ಉರಿಸುವುದಕ್ಕೆ ಮಗನಿದ್ದಾನಲ್ಲ.