ಅಪ್ಪ ಹೆದ್ದಾರಿ ಇಳಿದ ದಿನ

ನಮ್ಮಪ್ಪ ಹಿನೇಸ್, ಸ್ಪೇನಿನ ಲೋರ್ಕಾ ಊರಿನ ಲಾರಿ ಡ್ರೈವರು. ಮೀಸೆ ಮೂಡಿದಾಗಿನಿಂದ ನಿವೃತ್ತನಾಗುವವರೆಗೂ ನಮ್ಮ ಸೀಮೆಯ ಲೆಟಿಸ್ ಸೊಪ್ಪನ್ನು ಇಟಲಿಯ ಜಿನೋವಾಕ್ಕೆ ಸಾಗಿಸಿದವನು. ಯುರೋಪೆಲ್ಲ ಚಳಿಗೆ ಮುದುಡಿಕೊಂಡಾಗಲೇ ನಮ್ಮ ಹೊಲಗಳಲ್ಲಿ ಸೊಪ್ಪು ಹುಲುಸು. ಹಾಗಾಗಿ ಚಳಿಗಾಲದಲ್ಲಿ ಅವನು ಮನೆಯಲ್ಲಿದ್ದದ್ದೇ ಅಪರೂಪ. ನಾನು ಹುಟ್ಟಿದ ಸುದ್ದಿ ತಲುಪಿದಾಗ ಫ್ರಾನ್ಸಿನ ಯಾವುದೋ ಪೆಟ್ರೋಲ್ ಬಂಕಿನಲ್ಲಿ ಟೈರು ಬದಲಿಸುತ್ತಿದ್ದನಂತೆ. ಸಿಹಿ ಸಿಗದೆ ಅಲ್ಲಿದ್ದವರಿಗೆಲ್ಲ ಒಂದೊಂದು ಲೆಟಿಸ್ ಹಂಚಿದನಂತೆ.

ನಿವೃತ್ತಿಯಾದ ಮೊದಲ ಚಳಿಗಾಲ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಿಂದ ಬೀದಿಬಾಗಿಲಿಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ. ಅಮ್ಮ ಫ್ವೆನ್ಸಾಂತಾ ಕೆಲವು ದಿನ ತಡೆದುಕೊಂಡಳು. ಆಮೇಲೆ ಸೌಟು ಕೆಳಗಿಟ್ಟಳು.

"ಹಿಂಗೆ ನೆಲ ಸವೆಸ್ಬೇಡ ಮಾರಾಯ. ಇಷ್ಟು ವರ್ಷ ಆ ದೇಶಗಳ್ನೆಲ್ಲ ನೀನೊಬ್ನೇ ನೋಡ್ದೆ. ನಂಗೂ ತೋರ್ಸು."

ಅಪ್ಪನ ಮುಖ ಅರಳಿಹೋಯಿತು. "ಅಷ್ಟೇ ತಾನೆ? ಹೊರಡು! ಇಟಲಿ ನಂಗೆ ನಮ್ಮನೆ ಹಿತ್ಲು ಇದ್ದಂಗೆ!"

ಕ್ರಿಸ್‌ಮಸ್ ಬೆನ್ನಿಗೇ ಬರುವ ಮೂವರು ರಾಜರ ಹಬ್ಬದ ಮರುದಿನ ಬೆಳಿಗ್ಗೆ ನನ್ನ ಪುಟ್ಟ ಕಾರಿನಲ್ಲಿ ಮೂವರೂ ಹೊರಟೆವು. ಸ್ಟೀರಿಂಗ್ ಅಪ್ಪನದೇ. ಅಮ್ಮನ ಮಡಿಲಲ್ಲಿ ಆಲೂಗಡ್ಡೆ ಆಮ್ಲೆಟ್ಟು, ಹಬ್ಬದಲ್ಲಿ ಉಳಿದ ಸಿಹಿ ಬ್ರೆಡ್ಡು. ವಲೆನ್ಸಿಯಾ ದಾಟಿದ್ದೇ ಅವಳು ಚಪ್ಪಾಳೆ ತಟ್ಟಿದಳು. "ಇನ್ನು ಮುಂದೆ ನಂಗೆಲ್ಲ ಹೊಸ್ದು!"

ಸ್ವಲ್ಪ ಹೊತ್ತಿಗೆ ಪ್ರಶ್ನೆಗಳು ಶುರುವಾದವು.

"ಬಾರ್ಸಿಲೋನಾ ಹೆಂಗಿದೆ?"

"ಚೆನ್ನಾಗಿದೆ. ಅಗಲ ರಸ್ತೆ."

"ಫ್ರಾನ್ಸಲ್ಲಿ ಮೊಂಪೆಲಿಯೇ ಹೆಂಗೆ?"

"ಭಾರೀ ಊರು! ಲಾರಿ ನಿಲ್ಸೋ ಜಾಗ್ದಲ್ಲಿ ಸ್ನಾನಕ್ಕೆ ಸುಡೋ ಸುಡೋ ನೀರು."

"ನೀಸ್? ಸಮುದ್ರ ಬಲು ಚೆಂದ ಅಂತಾರಲ್ಲ?"

"ನೋಡಿದೀನಿ. ಮೇಲಿನ ಹೆದ್ದಾರಿಯಿಂದ."

ಅಮ್ಮ ಹಿಂದಿನ ಸೀಟಿನಲ್ಲಿದ್ದ ನನ್ನತ್ತ ತಿರುಗಿದಳು. "ಕೇಳಿದ್ಯಾ ಕಾರಿದಾದ್? ನಿಮ್ಮಪ್ಪ ಅರ್ಧ ಪ್ರಪಂಚ ಸುತ್ತಿ ನೋಡಿರೋದು ಬಚ್ಚಲುಮನೆ!" ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. ಅಪ್ಪನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿತ್ತು.

ದಾರಿಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಇಟಲಿ ಹೊಕ್ಕೆವು. ಅಲ್ಲಿ ಹೆದ್ದಾರಿಯೆಂದರೆ ಒಂದು ಸುರಂಗ, ಒಂದು ಎತ್ತರದ ಸೇತುವೆ, ಮತ್ತೆ ಸುರಂಗ. ಅಪ್ಪ ಪ್ರತಿ ತಿರುವನ್ನೂ ಮೊದಲೇ ಹೇಳುತ್ತ ಹುರುಪಿನಲ್ಲಿದ್ದ. ಅಷ್ಟರಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಮುಂದಿನ ಸುರಂಗದಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಎಲ್ಲರೂ ಪಕ್ಕದ ದಾರಿ ಹಿಡಿದು ಕೆಳಗಿಳಿಯಬೇಕು.

"ಕೆಳಗಾ?" ಎಂದ ಅಪ್ಪ. "ಕೆಳಗೆ ಏನಿದೆ?"

"ನಿನ್ ಹಿತ್ಲು ತಾನೆ, ನೀನೇ ಹೇಳು," ಎಂದಳು ಅಮ್ಮ.

ಲಾರಿಯನ್ನು ಹೂವಿನಂತೆ ನಡೆಸುತ್ತಿದ್ದವನು ಆ ಇಕ್ಕಟ್ಟು ದಾರಿಯ ಮೊದಲ ತಿರುವಿನಲ್ಲೇ ಬೆವೆತ. ಒಂದು ಕಡೆ ಆಲಿವ್ ತೋಟದ ಕಲ್ಲುಗೋಡೆ, ಇನ್ನೊಂದು ಕಡೆ ಪಾತಾಳ. ಎರಡು ಸಲ ದಾರಿ ತಪ್ಪಿ ಒಬ್ಬರ ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳ ನಡುವೆ ನಿಂತೆವು. ಕೊನೆಗೆ ಅಮ್ಮ ಕಿಟಕಿ ಇಳಿಸಿ ಕಂಡಕಂಡವರನ್ನು ಸ್ಪ್ಯಾನಿಷ್‌ನಲ್ಲೇ ಗಟ್ಟಿಯಾಗಿ ಕೇಳುತ್ತ, ಸೇತುವೆಯ ಬುಡದಲ್ಲಿದ್ದ ಹಳ್ಳಿಯೊಂದಕ್ಕೆ ನಮ್ಮನ್ನು ಮುಟ್ಟಿಸಿದಳು.

ಅಲ್ಲಿದ್ದ ಒಂದೇ ಹೋಟೆಲಿನೊಡತಿ ಅರ್ಮಿದಾ ಎಂಬ ದಪ್ಪ ಹೆಂಗಸು. ನಮ್ಮ ಮುಖ ನೋಡಿದ್ದೇ ಒಲೆಯಿಂದ ಕಡಲೆಹಿಟ್ಟಿನ ಬಿಸಿ ರೊಟ್ಟಿ ಎಳೆದು, ಕರಿಮೆಣಸು ಉದುರಿಸಿ ಮುಂದಿಟ್ಟಳು. ಅವಳದು ಇಟಾಲಿಯನ್, ಅಮ್ಮನದು ಸ್ಪ್ಯಾನಿಷ್. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

ಅಪ್ಪ ತಟ್ಟೆ ಬಿಟ್ಟು ಹೊರಗೆ ಹೋದ, ಹಿಂದೆಯೇ ನಾನೂ. ಸೇತುವೆಯತ್ತ ತಲೆ ಎತ್ತಿ ನಿಂತೇ ಇದ್ದ. ಎದುರು ದಿಕ್ಕಿನ ಲಾರಿಗಳು ಮುಗಿಲಿನ ಪಕ್ಕದಲ್ಲಿ ಬೆಂಕಿಪೊಟ್ಟಣಗಳಂತೆ ಸಾಲಾಗಿ ಸಾಗುತ್ತಿದ್ದವು.

"ನಾನು ಅಲ್ಲಿದ್ದೆ," ಎಂದ ಬೆರಳು ಎತ್ತಿ. "ಇವ್ರ ತಲೆ ಮೇಲೇ ಇಷ್ಟು ವರ್ಷ ಓಡಾಡಿದೀನಿ ಕಣೇ ಮಗಳೇ. ಇಲ್ಲಿ ಜನ ಇದಾರೆ ಅಂತಾನೇ ಗೊತ್ತಿರ್ಲಿಲ್ಲ!"

"ಏನು ಸಾಗಿಸ್ತಿದ್ರಿ?" ಅರ್ಮಿದಾ ಬಾಗಿಲಿಂದ ಕೇಳಿದಳು.

"ಲೆಟಿಸ್! ಇಡೀ ಜಿನೋವಾ ತಿಂದಿದೆ ನಾನು ತಂದ ಸೊಪ್ಪು."

"ಓ, ಆ ನೀರುಸೊಪ್ಪಾ? ನಮ್ ಕೋಳಿನೂ ಮೂಸಲ್ಲ ಬಿಡಿ."

ಹೋಟೆಲಿನ ಪಕ್ಕದಲ್ಲಿದ್ದ ಅವಳ ಕೋಳಿಗೂಡಿನ ಗೋಡೆ ತುಂಬ ಲಾರಿಚಕ್ರದ ಮುಚ್ಚಳಗಳು ನೇತಾಡುತ್ತಿದ್ದವು. ಎಲ್ಲ ಮೇಲಿನ ಸೇತುವೆಯಿಂದ ಬಿದ್ದವಂತೆ. ಅಪ್ಪ ಕೋಳಿಗಳ ಮಧ್ಯೆ ನುಗ್ಗಿ ಒಂದೊಂದನ್ನೂ ತಿರುಗಿಸಿ ನೋಡಿದ, ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕುವವನ ಹಾಗೆ. ಅವನ ಲಾರಿಯದು ಒಂದೂ ಇರಲಿಲ್ಲ.

ಸಂಜೆಗೆ ಮುಂಚೆ ಹೆದ್ದಾರಿ ತೆರೆಯಿತೆಂದು ಯಾರೋ ಬಂದು ಹೇಳಿದರು. ನಾನು ಕೀಲಿ ಚಾಚಿದೆ. ಅಪ್ಪ ತೆಗೆದುಕೊಳ್ಳಲಿಲ್ಲ.

"ನೀನೇ ಓಡ್ಸು. ಮೇಲೆ ಬೇಡ. ಕೆಳಗಿನ ದಾರೀಲೇ ಹೋಗೋಣ. ನಾನು ಕಿಟಕೀಲಿ ನೋಡ್ತೀನಿ."

ಜಿನೋವಾ ತಲುಪಲೇ ಇಲ್ಲ. ಊರೂರಲ್ಲೂ ನಿಂತೆವು. ಒಂದೂರಲ್ಲಿ ಮೀನುಸಂತೆ, ಇನ್ನೊಂದರಲ್ಲಿ ಯಾರದೋ ಮದುವೆಯ ಮೆರವಣಿಗೆ. ಕಂಡದ್ದಕ್ಕೆಲ್ಲ ಅಪ್ಪ "ನಿಲ್ಸು, ನಿಲ್ಸು!" ಎಂದು ಕೂಗುತ್ತಿದ್ದ. ಮೂರನೆಯ ದಿನ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆರೆದು ಮರಳಿಗಿಳಿದ. ಬೂಟು ಕಿತ್ತ. ಪ್ಯಾಂಟು ಮಡಚಿದ. ಜನವರಿಯ ಸಮುದ್ರಕ್ಕೆ ಓಡಿ ಮೊಣಕಾಲವರೆಗೂ ಇಳಿದು "ಅಯ್ಯಯ್ಯೋ!" ಎಂದು ಕಿರುಚಿದ. ಅಮ್ಮ ಲಂಗ ಎತ್ತಿಕೊಂಡು ಹಿಂದೆಯೇ ಓಡಿದಳು.

ದಡದ ಬೆಂಚಿನಲ್ಲಿ ತುಪ್ಪಳದ ಕೋಟು ತೊಟ್ಟು ಕುಳಿತಿದ್ದ ಮುದುಕಿಯೊಬ್ಬಳು ಇಟಾಲಿಯನ್‌ನಲ್ಲಿ ಏನೋ ಕೂಗಿದಳು. ಅಮ್ಮನೂ ತಿರುಗಿ ಕೂಗಿದಳು.

"ಏನಂದ್ಲು ಅವ್ಳು?" ಅಪ್ಪ ಹಲ್ಲು ಕಟಕಟಿಸುತ್ತ ಕೇಳಿದ.

"ಯಾರಿಗ್ಗೊತ್ತು? ನಾನಂತೂ ಈ ಹುಚ್ಚ ನನ್ನೋನೇ ಅಂದೆ."