ಉತ್ತರಾಣಿ

ಮೊನ್ನೆ ಧನಗೆರೆಯ ಹೊಲದ ಬದುವಿನ ಮೇಲೆ ನಡೆದು ಬಂದವಳು, ಜಗಲಿಯಲ್ಲಿ ಕೂತು ಸೀರೆಯಂಚಿನಿಂದ ಉತ್ತರಾಣಿ ಬೀಜಗಳನ್ನು ಕೀಳುತ್ತಿದ್ದೆ. ಕರೆಯದೆ ಅಂಟಿಕೊಂಡು, ಕೊಡವಿದರೂ ಹೋಗದೆ, ಮನೆತನಕ ಜೊತೆ ಬರುವ ಈ ಗಿಡಕ್ಕೆ ಸಂಕೋಚವೆಂಬುದಿಲ್ಲ. ಅದರ ಪಾಲಿನ ಸಂಕೋಚವೂ ಸೇರಿ ಎಂಟನೆಯ ವಯಸ್ಸಿನಲ್ಲಿ ನನಗೇ ಬಂದಿತ್ತು.

ಆಗಿನ್ನೂ ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲದ ಶಾಲೆಯಲ್ಲಿ ಮೇಷ್ಟರು 'ನಮ್ಮ ಜಿಲ್ಲೆ ಯಾವುದು?' ಎಂದು ಕೇಳಿ ಮುಗಿಸುವುದರೊಳಗೆ ನಾನು 'ಕೊಯಮತ್ತೂರು ಸಾ' ಎಂದು ಕೂಗಿರುತ್ತಿದ್ದೆ. ಪ್ರಶ್ನೆ ಕೇಳಿದ್ದು ಪಕ್ಕದವಳಿಗೆ ಎಂಬುದು ನನಗೆ ಗೌಣ. ಗೆಳತಿಯರಾದ ಪುಟ್ಟತಾಯಿ, ನಾಗಿ ಇಬ್ಬರೂ ಸೇರಿ ನನಗೆ ಉತ್ತರಾಣಿ ಎಂದು ಹೆಸರಿಟ್ಟರು. ಉತ್ತರಗಳ ರಾಣಿ ಎಂದು ಬಿಡಿಸಿಕೊಂಡು ವಾರವಿಡೀ ತಲೆಯೆತ್ತಿ ನಡೆದೆ. ಆಮೇಲೆ ಅಜ್ಜಿ ಹಿತ್ತಲಿಗೆ ಕರೆದೊಯ್ದು ಗಿಡ ತೋರಿಸಿದಳು.

ಅಂದಿನಿಂದ ಪದ ಬಿಡಿಸುವ ವ್ಯಾಕರಣ ಬಿಟ್ಟುಹೋಗಿ ಸಂಶಯ ಹಿಡಿಯಿತು. ಪ್ರತಿ ಮಾತಿಗೂ ಮುಂಚೆ 'ಬೇಜಾರಾ?' ಎಂದು ಕೇಳತೊಡಗಿದೆ. ಹತ್ತನೆಯ ಸಲಕ್ಕೆ ನಾಗಿ, "ಊಂ ಕಣಮ್ಮಿ, ಈಗ ಆಯ್ತು, ಓಗು" ಎಂದಳು.

ಹೋದೆ. ಮಾರನೆಯ ಸಂಜೆ ಕುಂಟೆಬಿಲ್ಲೆ ಆಟಕ್ಕೆ ಹೊರಡದೆ ಬಾಗಿಲ ಹಿಂದೆ ಕೂತೆ. ಅವರಾಗಿಯೇ ಕರೆಯಲು ಬಂದರೆ ನಾನು ಗೆಳತಿ, ಬಾರದಿದ್ದರೆ ಬರೀ ಉತ್ತರಾಣಿ. ಬಂದರು. "ಎಲ್ಲಮ್ಮಿ ಸತ್ತೋದೆ?" ಎಂದು ಪುಟ್ಟತಾಯಿ ಕೂಗಿದಳು. "ನಾ ಬಂದ್ರೆ ನಿಮ್ಗೆ ಕಾಟ ಅಲ್ವಾ?" ಎಂದೆ. "ಕಾಟವೇಯ. ಈಗ ಬಾ."

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆಂದರೆ, ಕೆಲವು ಕಡೆ ಅವರು ನನ್ನ ಕೈ ಹಿಡಿದು ಎಳೆದುಕೊಂಡು ಹೋದದ್ದೂ ಉಂಟು, ಒಂದೆಡೆ ನಾಗಿ ಅತ್ತದ್ದೂ ಉಂಟು. ಇಷ್ಟು ಒಪ್ಪವಾಗಿ ಕೂತ ನೆನಪನ್ನು ನಂಬಬಾರದೆಂದು, ಹೋದ ವರ್ಷ ಯಳಂದೂರಿನಲ್ಲಿ ಪುಟ್ಟತಾಯಿಯ ಮನೆಗೇ ಹೋಗಿ ಕೇಳಿದೆ.

"ನಾವೆಲ್ಲಿ ಬಂದ್ವಿ? ನೀನೇ ಬಾಗಿಲ ಸಂದೀಲಿ ಇಣುಕಿ ಇಣುಕಿ, ತಡೀನಾರ್ದೆ ಓಡ್ಬಂದೆ" ಎಂದು ಅವಳು ನಕ್ಕಳು. "ಅಲ್ಲ ಕಣಮ್ಮಿ, ಇದನ್ನ ಎಷ್ಟು ಸಲ ಕೇಳೀಯೆ? ಓದ್ ಸಲ ಬಂದಾಗ್ಲೂ ಇದೇಯ."

ಎಂಟನೆಯ ವಯಸ್ಸು ಮತ್ತೆ ಮೈಮೇಲೆ ಬಂದು, ಹೊತ್ತಾಯಿತೆಂದು ಎದ್ದೆ. ಸೆರಗು ಎಲ್ಲೋ ಸಿಕ್ಕಿಕೊಂಡಂತಾಯಿತು. ತಿರುಗಿ ನೋಡಿದರೆ ಅದರ ತುದಿ ಪುಟ್ಟತಾಯಿಯ ಮುಷ್ಟಿಯಲ್ಲಿತ್ತು. "ಎಲ್ಗೋದೀಯೆ? ಉಂಡ್ಕಂಡೋಗು" ಎಂದಳು, ಬೈಯುವ ಧಾಟಿಯಲ್ಲೇ.

ಇದೂ ಹಾಗೆಯೇ ನಡೆಯಿತೋ ಇಲ್ಲವೋ, ಮುಂದಿನ ಸಲ ಹೋದಾಗ ಕೇಳಬೇಕು. ಮೊನ್ನೆ ಜಗಲಿಯಲ್ಲಿ ಕಿತ್ತು ಕಿತ್ತು, ಸೀರೆಯಂಚಿನಲ್ಲಿ ಒಂದೇ ಒಂದು ಬೀಜ ಉಳಿದಿತ್ತು. ಕೀಳುವ ಮುಂಚೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಅದನ್ನೇ ಕೇಳಿದೆ: "ಬೇಜಾರಾ?"