ನಂಜುಂಡಪ್ಪನವರ ಮರುಪರೀಕ್ಷೆ

ನಂಜುಂಡಪ್ಪನವರು ವೀಡಿಯೋ ಗೇಮುಗಳಿಗೆ ಪರೀಕ್ಷೆ ಇಡುತ್ತಿದ್ದರು. ಆಟದ ಕ್ಯಾಸೆಟ್ಟಿನ ಬೆನ್ನಿಗೆ ಗಾಯಕ್ಕೆ ಹಾಕುವ ಪ್ಲಾಸ್ಟರಿನ ತುಂಡು ಅಂಟಿಸಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಪಾಸು’, ‘ಜಸ್ಟ್ ಪಾಸು’, ‘ಫೇಲು’ ಎಂದು ಬರೆಯುತ್ತಿದ್ದರು. ಒಮ್ಮೆ ಬರೆದರೆ ಮುಗಿಯಿತು ಅಂತಲ್ಲ. ವರ್ಷ ತಿರುಗಿದ ಮೇಲೆ ಅದೇ ಆಟವನ್ನು ಮತ್ತೆ ಆಡಿ, ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಹಚ್ಚುತ್ತಿದ್ದರು. ಐವತ್ತು ದಾಟಿದ, ಹಣೆಗೆ ಮೂರೆಳೆ ವಿಭೂತಿ ಬಳಿದ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತು ರಾಕ್ಷಸರನ್ನು ಹೊಡೆಯುತ್ತಿದ್ದರೆ ರಿಪೇರಿಗೆ ಟಿವಿ ತಂದವರು ಮುಸಿಮುಸಿ ನಗುತ್ತಿದ್ದರು. ನಂಜುಂಡಪ್ಪನವರಿಗೆ ಅದರ ಪರಿವೆಯೇ ಇರಲಿಲ್ಲ.

ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿ ಮಂಡಿಯ ಪಕ್ಕ ಅವರ ಟಿವಿ ರಿಪೇರಿ ಅಂಗಡಿ. ಹಿಂದುಗಡೆಯೇ ಮನೆ. ನಾನಾಗ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನ ತಪಾಸಣೆಯ ಕೆಲಸದಲ್ಲಿದ್ದೆ. ಕೆಟ್ಟ ಟಿವಿ ಕೊಟ್ಟುಬರಲು ಹೋದವನು ಪ್ರತಿ ಭಾನುವಾರ ಬೆಳಿಗ್ಗೆ ಅವರ ಜೊತೆ ಆಡಲು ಕೂರತೊಡಗಿದೆ. ತೊಂಬತ್ತರ ದಶಕದ ಕೊನೆಯ ಮಾತು.

“ಹಳೇದು ಅಂದ್ರೆ ಸಾಕು, ಎಲ್ರೂ ಸುಮ್ ಸುಮ್ನೆ ಹೊಗಳ್ತಾರೆ ಕಣಯ್ಯ ಮಾದೇವು,” ಎನ್ನುತ್ತಿದ್ದರು. “ತಿರುಗಾ ಕೂತು ಆಡ್ಬೇಕು. ಆಗ ಗೊತ್ತಾಗುತ್ತೆ, ಆ ಮಜಾ ಆಟದ್ದೋ ಇಲ್ಲಾ ಆವತ್ತಿನ ನಮ್ಮ ವಯಸ್ಸಿಂದೋ ಅಂತ.”

ಅವರ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ಕೋಟೆಯ ಆಟ. ಮೂರು ಭಾಗಗಳಲ್ಲಿ ಬಂದದ್ದು. ಒಬ್ಬ ಕಾವಲುಗಾರ ಪಾಳುಬಿದ್ದ ಕೋಟೆಯೊಳಗೆ ದೀಪ ಹಚ್ಚುತ್ತಾ ಹೋಗಬೇಕು, ಅಷ್ಟೇ. “ಮೂರನೇದ್ರಲ್ಲಿ ಬಣ್ಣ ಜಾಸ್ತಿ, ದಮ್ಮು ಕಮ್ಮಿ. ಮೊದಲನೇದು ಒರಟು. ಆದ್ರೆ ಮೋಸ ಇಲ್ಲ ನೋಡು. ಅದ್ರಲ್ಲಿ ಸತ್ರೆ ನಮ್ಮ ತಪ್ಪಿಗೇ ಸಾಯೋದು.” ವರ್ಷ ವರ್ಷವೂ ಮೊದಲನೆಯ ಭಾಗ ಪಾಸಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಅದರ ದರ್ಜೆ ಇಳಿಯತೊಡಗಿತು. ಇಳಿಯುತ್ತಿದ್ದದ್ದು ಆಟವಲ್ಲ, ಅವರ ಕಣ್ಣು. ಅದು ನನಗೆ ಅಂದೇ ಹೊಳೆಯಬೇಕಿತ್ತು. ಎಡಗಡೆ ಇಟ್ಟ ಟೀ ಲೋಟವನ್ನು ಕೈತಾಗಿಸಿ ಚೆಲ್ಲುತ್ತಿದ್ದರು. ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿ ತಗುಲಿ ಎಡಗೈ ಮೇಲೆ ಬೊಬ್ಬೆ ಎದ್ದಿತ್ತು, ಅದು ಮಾಯುವ ಮೊದಲೇ ಇನ್ನೊಂದು. ಇಷ್ಟೆಲ್ಲ ನೋಡುತ್ತಾ ಕೂತಿದ್ದೆ, ಮಂಕುದಿಣ್ಣೆ.

ಕೋಟೆಯ ನಾಲ್ಕನೇ ಹಂತದಲ್ಲಿ ಪರದೆಯ ಎಡ ಅಂಚಿನಿಂದ ಒಂದು ಬಾವಲಿ ಬರುತ್ತದೆ. ನಿಧಾನವಾಗಿ, ಅರ್ಧ ಪರದೆ ದಾಟಿ ಬರುತ್ತದೆ. ಒಂದು ಭಾನುವಾರ ಅದು ಬಂದು ಕಾವಲುಗಾರನಿಗೆ ಬಡಿಯುವವರೆಗೂ ನಂಜುಂಡಪ್ಪನವರು ಮಿಸುಕಲಿಲ್ಲ. “ಎಲ್ಲಿಂದ ಬಂತಯ್ಯ ಇದು?” ಎಂದರು. ಮತ್ತೆ ಆಡಿದರು, ಮತ್ತೆ ಸತ್ತರು. ಟಿವಿ ಒಯ್ಯಲು ಬಂದಿದ್ದ ಗಿರಾಕಿಯೊಬ್ಬ, “ವಯಸ್ಸಾಯ್ತು ಯಜಮಾನ್ರೇ, ಬುಟ್ಬುಡಿ,” ಎಂದು ನಕ್ಕು ಹೋದ. ಅವರ ಮುಖ ಸಪ್ಪಗಾಯಿತು.

ರಿಪೇರಿಯಲ್ಲಿ ಅವರದೊಂದು ಕ್ರಮವಿತ್ತು. ದೋಷ ಎಲ್ಲಿದೆ ಗೊತ್ತಾಗದಿದ್ದರೆ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗುವುದು, ಬದಲಾಯಿಸದೆ ಉಳಿದದ್ದೇ ಕೆಟ್ಟದ್ದೆಂದು ಹಿಡಿಯುವುದು. ಅಂದೂ ಅದನ್ನೇ ಮಾಡಿದರು. ಟಿವಿ ಬದಲಾಯಿತು, ಒಂದಲ್ಲ, ಮೂರು. ಜಾಯ್‌ಸ್ಟಿಕ್ ಬದಲಾಯಿತು. ಎಲ್ಲಿಂದಲೋ ಅದೇ ಆಟದ ಇನ್ನೊಂದು ಕ್ಯಾಸೆಟ್ಟನ್ನೂ ತರಿಸಿದರು. ಮುಂದಿನ ಭಾನುವಾರ ಅದನ್ನು ಹಾಕಿದಾಗಲೂ ಬಾವಲಿ ಬಂದು ಬಡಿಯಿತು.

ಕೊನೆಗೆ ನನ್ನ ಕಡೆ ತಿರುಗಿದರು. “ಮಾದೇವು, ನಿಜ ಹೇಳು. ನಿಂಗೆ ಕಾಣ್ತಾ ಅದು ಬಂದದ್ದು?”

ಕಂಡಿತ್ತು. ಅಂಚಿನಿಂದಲೇ ಕಂಡಿತ್ತು. ಆದರೆ ಆ ಗಿರಾಕಿ ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಹಿರಿಯರು, ಮನಸ್ಸು ನೋಯಬಾರದು ಎನ್ನುವ ಹಾಳು ದಾಕ್ಷಿಣ್ಯ. ದಿನವಿಡೀ ಕೂದಲೆಳೆಯಷ್ಟು ದೋಷ ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದ ನಾನು, “ಇಲ್ಲ ನಂಜುಂಡಪ್ಪನೋರೆ, ನಂಗೂ ಕಾಣ್ಲಿಲ್ಲ,” ಎಂದೆ.

ಅವರ ಮುಖ ಅರಳಿತು. “ನೋಡ್ದಾ? ಆಟದಲ್ಲೇ ಐತೆ ಕಳ್ಳತನ. ಆಗ ನಮಗೆ ಗೊತ್ತಾಗಿರ್ಲಿಲ್ಲ, ಅಷ್ಟೇ.” ಪಟ್ಟಿಯ ಮೇಲೆ ‘ಫೇಲು, ಮೋಸ’ ಎಂದು ಬರೆದರು. ಅಕ್ಷರಗಳು ಪಟ್ಟಿಯ ಅಂಚು ದಾಟಿ ಕ್ಯಾಸೆಟ್ಟಿನ ಮೇಲೆ ಹೋಗಿದ್ದವು. ಆಮೇಲೆ ಭಾನುವಾರಗಳಲ್ಲಿ ಒಂದರ ಹಿಂದೊಂದು ಹಳೆಯ ಆಟಗಳೆಲ್ಲ ಫೇಲಾದವು. ನಾನು ಪ್ರತಿಸಲವೂ ಹೌದು ಹೌದು ಎಂದೆ. ಒಳಗೊಳಗೇ ಏನೋ ಸರಿಯಿಲ್ಲ ಅನಿಸುತ್ತಿತ್ತು, ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ಪಕ್ಕದಿಂದ ಬಂದ ತಳ್ಳುಗಾಡಿ ಕಾಣದೆ ರಸ್ತೆಯಲ್ಲಿ ಬಿದ್ದರು. ಹೆಂಡತಿ ಗಿರಿಜಮ್ಮ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಎರಡು ವರ್ಷ ಮುಂಚೆ ಬಂದಿದ್ದರೆ ಔಷಧದ ಹನಿ ಹಾಕಿ ಅಲ್ಲಿಗೇ ನಿಲ್ಲಿಸಬಹುದಿತ್ತು ಎಂದರಂತೆ ಡಾಕ್ಟರು. ಗಿರಿಜಮ್ಮ ಇದನ್ನು ನನಗೆ ಹೇಳುವಾಗ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಕೊನೆಯ ಸಲ ಹೋದಾಗ ಅವರ ಕಣ್ಣು ಹೆಚ್ಚುಕಡಿಮೆ ಪೂರಾ ಹೋಗಿತ್ತು, ಅಂಗಡಿಯ ಬಾಗಿಲು ಹಾಕಿತ್ತು. ಅವರು ಹಿಂದಿನ ಕೋಣೆಯಲ್ಲಿ ಟಿವಿ ಹಚ್ಚಿಸಿಕೊಂಡು ಕೂತಿದ್ದರು. “ಕೋಟೆ ಆಡು. ಏನೇನು ಕಾಣುತ್ತೋ ಬಾಯಲ್ಲಿ ಹೇಳ್ತಾ ಹೋಗು,” ಎಂದರು. ಆಡಿದೆ. ದೀಪ, ಮೆಟ್ಟಿಲು, ಗುಂಡಿ ಎಂದು ಹೇಳುತ್ತಾ ಹೋದೆ. ನಾಲ್ಕನೇ ಹಂತ ಬಂತು.

“ಎಡಗಡೆಯಿಂದ ಬಾವಲಿ ಬರ್ತಾ ಐತೆ,” ಎಂದೆ, ಯೋಚಿಸದೆ.

“ಎಲ್ಲಿಂದ ಕಾಣುತ್ತೆ?”

“ಅಂಚಿಂದ.”

ಅವರು ನನ್ನ ದನಿ ಬಂದ ಕಡೆ ತಿರುಗಿದರು. “ಆವತ್ತೂ ಕಂಡಿತ್ತಾ?”

ಜಾಯ್‌ಸ್ಟಿಕ್ ಕೆಳಗಿಟ್ಟೆ. “ಕಂಡಿತ್ತು ನಂಜುಂಡಪ್ಪನೋರೆ.”

“ಎಲ್ಲಾನೂ ಬದಲಾಯಿಸಿ ನೋಡಿ, ಕಡೇಗೆ ನಿನ್ನೇ ಕೇಳ್ದೆ ಕಣಯ್ಯ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದು ಅಳುತ್ತಿದ್ದೆನೋ ಏನೋ. “ಪಾಪ, ಆಟ ಸರಿಯಾಗೇ ಇತ್ತು. ಟಿವಿ ಆರಿಸಿ ಹೋಗು.”

ಆರಿಸಿ ಬಂದೆ. ಆಮೇಲೆ ಅವರು ಬದುಕಿದ್ದಷ್ಟು ಕಾಲ ಮಂಡಿ ಮೊಹಲ್ಲಾದ ಕಡೆ ನಾನು ತಲೆ ಹಾಕಲಿಲ್ಲ.